ಇ-ರೀಡರಿಗೆ ವಾರದ ಓದು ತಾನಾಗಿ ಬಂದು ಬೀಳುವಂತೆ ಮಾಡುವುದು

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟು ಹೋದರೆ ಬರುವುದು ಯಾವಾಗ ಎಂದು ಕೇಳುವಂತಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವ, ಅಮೆಜಾನ್‌ನ ಇ-ರೀಡರ್ ಕಿಂಡಲ್ ಇಂಥ ಊರಿಗೆ ಹೇಳಿ ಮಾಡಿಸಿದ್ದು. ಆದರೆ ಓದುವ ಸರಕು ಅದರೊಳಗೆ ಮೊದಲೇ ಇಳಿದಿರಬೇಕು. ಆ ಕೆಲಸವನ್ನು ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶಕ್ಕೆ ವಹಿಸಬಹುದು.

ಕ್ಯಾಲಿಬರ್‌ನಲ್ಲಿ 'ಫೆಚ್ ನ್ಯೂಸ್' ಪಕ್ಕದ ಬಾಣ ಒತ್ತಿ, ಹೊಸ ಸುದ್ದಿಮೂಲ ಸೇರಿಸುವ ಆಯ್ಕೆಗೆ ಹೋಗಿ 'ನ್ಯೂ ರೆಸಿಪಿ' ತೆರೆಯಿರಿ. ನಿಮಗೆ ಬೇಕಾದ ಜಾಲತಾಣಗಳ ಆರ್‌ಎಸ್‌ಎಸ್ ಫೀಡ್ (ಹೊಸ ಲೇಖನಗಳ ಪಟ್ಟಿ) ವಿಳಾಸಗಳನ್ನು ಒಂದೊಂದಾಗಿ ಸೇರಿಸಿ. ಎಷ್ಟು ಹಳೆಯ ಲೇಖನ ಬೇಕೆಂಬಲ್ಲಿ 7 ದಿನ ಇರಲಿ. ಫೀಡಿಗೆ 100 ಲೇಖನ ಎಂದಿರುವುದನ್ನು 15ಕ್ಕೆ ಇಳಿಸಿ, ಇಲ್ಲದಿದ್ದರೆ ಕಡತ ಊದಿಕೊಳ್ಳುತ್ತದೆ. ಅಡಿಕೆ ಧಾರಣೆಯ ಫೀಡ್ ಮಾತ್ರ ಬೇಡ. ಅದು ವಾಟ್ಸಾಪಿನಲ್ಲಿ ಮೊದಲೇ ಬಂದಿರುತ್ತದೆ, ವಾರ ಕಳೆದ ಧಾರಣೆ ಯಾರಿಗೆ ಬೇಕು?

ವೇಳಾಪಟ್ಟಿಯಲ್ಲಿ ವಾರಕ್ಕೊಂದು ದಿನ, ಮನೆಯಲ್ಲಿ ಕರೆಂಟೂ ನೆಟ್ಟೂ ಸಾಮಾನ್ಯವಾಗಿ ಇರುವ ಹೊತ್ತು ಕೊಡಿ. ಕಂಪ್ಯೂಟರ್ ಆನ್ ಇದ್ದು ಕ್ಯಾಲಿಬರ್ ತೆರೆದಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಕೊಟ್ಟ ಸಮಯಕ್ಕೆ ಕರೆಂಟ್ ಇರಲಿಲ್ಲವೆಂದರೆ ಚಿಂತೆಯಿಲ್ಲ, ಅದೇ ದಿನ ಆಮೇಲೆ ತೆರೆದರೂ ಇಳಿಸಿಕೊಳ್ಳುತ್ತದೆ.

ಇನ್ನು ಕಳಿಸುವುದು. ಅಮೆಜಾನ್ ಖಾತೆಯ 'ಪರ್ಸನಲ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್'ನಲ್ಲಿ ನಿಮ್ಮ ಕಿಂಡಲ್‌ನ ಇಮೇಲ್ ವಿಳಾಸ ಸಿಗುತ್ತದೆ. ಅದೇ ಪುಟದ ಕೆಳಗಿನ ಅನುಮತಿ ಪಟ್ಟಿಗೆ ನೀವು ಕಳಿಸುವ ವಿಳಾಸ ಸೇರಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಪಟ್ಟಿಯಲ್ಲಿಲ್ಲದ ವಿಳಾಸದ ಮೇಲ್ ಕಿಂಡಲ್ ಮುಟ್ಟುವುದಿಲ್ಲ. ಕೆಲವೊಮ್ಮೆ ಖಾತರಿ ಕೇಳುವ ಮೇಲ್ ಬರುತ್ತದೆ. 48 ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ಕ್ಯಾಲಿಬರ್‌ನ ಇಮೇಲ್ ಸೆಟ್ಟಿಂಗ್‌ನಲ್ಲಿ ಕಿಂಡಲ್ ವಿಳಾಸ ಬರೆದು 'ಆಟೋ ಸೆಂಡ್' ಗುರುತು ಹಾಕಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ ನಡೆಯದು: ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಂಡು ಅದನ್ನೇ ಹಾಕಿ. ಹಳೆಯ ಇ-ಪುಸ್ತಕ ರೂಪವಾದ ಮೋಬಿ ಕಡತವನ್ನು ಕಳಿಸಬೇಡಿ, ಈಗ ಇಪಬ್ ಎಂಬ ಇ-ಪುಸ್ತಕ ರೂಪ ಬೇಕು.

ಕನ್ನಡ ಓದುವವರು ಮೊದಲು ಒಂದೇ ಲೇಖನ ಕಳಿಸಿ 'ಸ್ತ್ರೀ', 'ಅರ್ಥ', 'ಜ್ಞಾನ' ಹುಡುಕಿ ನೋಡಿ. ಒತ್ತು ಪಕ್ಕದಲ್ಲಿ ಬಿಡಿಯಾಗಿ ನಿಂತಿದ್ದರೆ, ಅರ್ಕಾವತ್ತು ಜಾಗ ತಪ್ಪಿದ್ದರೆ ಇಪಬ್ ಬಿಟ್ಟು ಪಿಡಿಎಫ್ ಮಾಡಿಸುವುದೇ ವಾಸಿ. ಪಿಡಿಎಫ್‌ನಲ್ಲಿ ಅಕ್ಷರ ಜೋಡಣೆ ಕಂಪ್ಯೂಟರಿನಲ್ಲೇ ಮುಗಿದಿರುತ್ತದೆ. 6 ಇಂಚಿನ ಪರದೆಗೆ ಪುಟದ ಅಳತೆ 90x120 ಮಿಲಿಮೀಟರ್ ಕೊಡಿ. ಅಂಚು ಮೊದಲೇ 72 ಪಾಯಿಂಟ್ ಇರುತ್ತದೆ, ಅಂದರೆ ಪ್ರತಿ ಬದಿಗೆ ಸುಮಾರು 25 ಮಿಲಿಮೀಟರ್. ಹಾಗೇ ಬಿಟ್ಟರೆ ಸಾಲಿಗೆ ಎರಡು ಮೂರು ಪದ ಮಾತ್ರ ಕೂರುತ್ತವೆ. 8 ಪಾಯಿಂಟ್‌ಗೆ ಇಳಿಸಿ.

ಹಳೆಯ ಕನ್ನಡ ಪಿಡಿಎಫ್‌ಗಳದು ಬೇರೆಯೇ ರಗಳೆ. ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ, ಬರಹ ಫಾಂಟಿನಲ್ಲಿ ಮಾಡಿದ್ದನ್ನು ಇಪಬ್‌ಗೆ ತಿರುಗಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿದರೆ ಗೊತ್ತಾಗುತ್ತದೆ. ಅಂಥದ್ದನ್ನು ಯುನಿಕೋಡ್ ಪರಿವರ್ತಕಕ್ಕೆ ಹಾಕಿಯೇ ಮುಂದುವರಿಯಬೇಕು.

ಕಡೆಯದಾಗಿ ವೈಫೈ. ಮೊಬೈಲ್ ಹಾಟ್‌ಸ್ಪಾಟ್ ಹಳೆಯ ಕಿಂಡಲ್‌ನ ಪಟ್ಟಿಯಲ್ಲಿ ಕಾಣದಿದ್ದರೆ ಹಾಟ್‌ಸ್ಪಾಟಿನ ಬ್ಯಾಂಡ್ 5 ಗಿಗಾಹರ್ಟ್ಸ್‌ನಲ್ಲಿದೆಯೇ ನೋಡಿ; ಹಳೆಯ ಮಾದರಿಗಳು 2.4 ಮಾತ್ರ ಹಿಡಿಯುತ್ತವೆ. ಗುಡ್ಡದ ಮೇಲೋ ಪೇಟೆಯಲ್ಲೋ ಸಿಗ್ನಲ್ ಸಿಕ್ಕಾಗ ಏರೋಪ್ಲೇನ್ ಮೋಡ್ ತೆಗೆದು 'ಸಿಂಕ್' ಒತ್ತಿ, ಕಡತ ಇಳಿದ ಮೇಲೆ ಮತ್ತೆ ಆ ಮೋಡ್‌ಗೆ ಹಾಕಿಬಿಡಿ. ವೈಫೈ ಹುಡುಕುತ್ತಾ ಕೂತರೆ ಬ್ಯಾಟರಿ ಬೇಗ ಇಳಿಯುತ್ತದೆ.