ಮಲೆನಾಡಿಗೆ ಹೊಸದಾಗಿ ಬಂದವರಿಗೆ: ಮಳೆಗಾಲದಲ್ಲಿ ಕಾರಿನ ಬ್ಯಾಟರಿ

ತೀರ್ಥಹಳ್ಳಿ, ಹೊಸನಗರದ ಕಡೆ ಆರಿದ್ರಾ ಮಳೆ ಹಿಡಿದರೆ ಕಾರು ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವುದುಂಟು. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ ಕರೆಂಟು ಎಳೆಯುತ್ತಲೇ ಇರುತ್ತವೆ. ಕಾರು ಹೊರಗೆ ತೆಗೆದರೂ ಡೈರಿವರೆಗೆ ಎರಡು ಕಿಲೋಮೀಟರು. ಸ್ಟಾರ್ಟರ್, ವೈಪರ್, ಹೆಡ್‌ಲೈಟ್ ತಿಂದದ್ದು ಅಷ್ಟರಲ್ಲಿ ತುಂಬುವುದಿಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಾದರೂ ಓಡಿಸಿ. ನಿಂತಲ್ಲೇ ಐದು ನಿಮಿಷ ಎಂಜಿನ್ ಗುರ್ರೆನಿಸುವುದು ಪೆಟ್ರೋಲ್ ದಂಡ.

ಒಂದು ಮಲ್ಟಿಮೀಟರ್ ಮನೆಯಲ್ಲಿರಲಿ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.4ಕ್ಕಿಂತ ಇಳಿದರೆ ಚಾರ್ಜಿಗೆ ಹಾಕಿ. ಎಂಜಿನ್ ಓಡುವಾಗ 13ರ ಮೇಲೇರದಿದ್ದರೆ ಮೊದಲು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ), ಅದರ ಬೆಲ್ಟ್ ನೋಡಿಸಿ. ಅದು ಬಿಟ್ಟು ಹೊಸ ಬ್ಯಾಟರಿ ಹಾಕಿಸಿದರೆ ಅದೂ ಕೂತುಹೋಗುತ್ತದೆ.

ಚಾರ್ಜಿಂಗ್ ಕರೆಂಟು ಬ್ಯಾಟರಿಯ ಎಎಚ್‌ನ (ಆಂಪಿಯರ್-ಅವರ್, ಅಂದರೆ ಅದರ ಸಾಮರ್ಥ್ಯ) ಹತ್ತನೇ ಒಂದು ಭಾಗ ಇರಲಿ: 35 ಎಎಚ್ ಬ್ಯಾಟರಿಗೆ 3.5 ಆಂಪಿಯರ್. ಮನೆಯ ಇನ್ವರ್ಟರಿಗೆ ಸಿಕ್ಕಿಸಬೇಡಿ. ಅದು 150 ಎಎಚ್‌ನಂಥ ದೊಡ್ಡ ಬ್ಯಾಟರಿಗೆಂದು ಮಾಡಿದ್ದು, ಕಾರಿನ ಬ್ಯಾಟರಿ ಕಾದು ಉಬ್ಬೀತು. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್‌ಗೆ ಕಿಡಿ ತಾಗಿದರೆ ಸಿಡಿಯುತ್ತದೆ, ಬಚ್ಚಲೊಲೆಯ ಪಕ್ಕದ ಕೊಟ್ಟಿಗೆಯಲ್ಲಂತೂ ಬೇಡ.

ದಾರಿಯಲ್ಲಿ ಕೈಕೊಟ್ಟರೆ ಜಂಪರ್ ಕೇಬಲ್. ಎರಡೂ ಗಾಡಿ ಆಫ್ ಮಾಡಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪನ್ನು ಒಳ್ಳೆಯದರ ಮೈನಸ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಸತ್ತ ಕಾರಿನ ಎಂಜಿನ್ ಮೇಲೆ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಬ್ಯಾಟರಿಯಿಂದ ದೂರ. ಕೊನೆಯ ಕ್ಲಿಪ್ ಕಿಡಿ ಹಾರಿಸಿಯೇ ಹಾರಿಸುತ್ತದೆ, ಅದಕ್ಕೇ ಈ ದೂರ. ಒಳ್ಳೆಯ ಗಾಡಿ ಐದು ನಿಮಿಷ ಓಡಲಿ, ಬಳಿಕ ಸತ್ತದ್ದನ್ನು ಸ್ಟಾರ್ಟ್ ಮಾಡಿ. ಕೇಬಲ್ ಬಿಚ್ಚುವಾಗ ಹಾಕಿದ್ದರ ಉಲ್ಟಾ ಕ್ರಮ. ಹುಲಿಕಲ್ ಘಾಟಿಯಲ್ಲಿ ಲಾರಿಯವರು ಕರುಣೆಯಿಂದ ಗಾಡಿ ನಿಲ್ಲಿಸಿಯಾರು, ಆದರೆ ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟ್. ಅದನ್ನು ಕೊಟ್ಟರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ.

ಇಳಿಜಾರಲ್ಲಿ ಬಿಟ್ಟು ಎರಡನೇ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ಇಲ್ಲಿ ಎಲ್ಲರಿಗೂ ರೂಢಿ. ನಮಗದು ಇಷ್ಟವಿಲ್ಲ. ಎಂಜಿನ್ ನಿಂತಾಗ ಬ್ರೇಕೂ ಸ್ಟಿಯರಿಂಗೂ ಕಲ್ಲಿನಷ್ಟು ಗಟ್ಟಿ, ಕೆಳಗೆ ತೋಟದ ಗುಂಡಿ. ಆಟೋಮ್ಯಾಟಿಕ್ ಕಾರಿಗಂತೂ ಅದು ಆಗುವುದೇ ಇಲ್ಲ.

ತೇವದ ಹವೆಗೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಹೂವು ಕಟ್ಟುತ್ತದೆ. ಮೈನಸ್ ಮೊದಲು ಬಿಚ್ಚಿ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಸೋಡಾ ನೀರು ಸೆಲ್ ಒಳಗೆ ಇಳಿಯಬಾರದು. ಒರೆಸಿ ಒಣಗಿಸಿ, ಪ್ಲಸ್ ಮೊದಲು ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಗುರುತಿನವರೆಗೆ. ಬಾವಿ ನೀರಲ್ಲಿರುವ ಲವಣ ಪ್ಲೇಟು ತಿನ್ನುತ್ತದೆ. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ನೀರು ಹಾಯಿಸಿ, ನೇರ ಆಸ್ಪತ್ರೆಗೆ.