ಟ್ರೇನಿಂಗ್ ಮುಗಿದ ನಾಯಿಯನ್ನು ಮನೆಯವರ ಕೈಗೆ ಒಪ್ಪಿಸುವುದು ಹೇಗೆ?

"ನಿಮ್ಮ ಹತ್ರ ಇದ್ದಾಗ ಎಷ್ಟು ಚೆನ್ನಾಗಿ ಕೇಳ್ತಿತ್ತು, ಮನೆಗೆ ಬಂದ ಮೇಲೆ ನಮ್ಮ ಮಾತಿಗೆ ಕಿವಿನೇ ಕೊಡಲ್ಲ." ನಾಯಿ ಟ್ರೇನಿಂಗ್ ವೃತ್ತಿಗೆ ಇಳಿದವರಿಗೆ ಒಂದಲ್ಲ ಒಂದು ದಿನ ಈ ಫೋನ್ ಬರುತ್ತದೆ. ನನಗೂ ಬಂದಿತ್ತು. 3 ವಾರ ನನ್ನ ಬಳಿ ಇದ್ದ ಲ್ಯಾಬ್ರಡಾರ್ ಮನೆಗೆ ಹೋದ ನಾಲ್ಕನೇ ದಿನಕ್ಕೇ ಬಂದವರ ಮೇಲೆಲ್ಲ ಎಗರಲು ಶುರು ಮಾಡಿತ್ತು. ತಪ್ಪು ನನ್ನದೇ. ಗೇಟಿನ ಹತ್ತಿರ ನಿಂತು 20 ನಿಮಿಷದಲ್ಲಿ ಎಲ್ಲ ಹೇಳಿ ಕಳಿಸಿಬಿಟ್ಟಿದ್ದೆ. ಹೊಸ ಟ್ರೇನರ್‌ಗಳು ಈಗಲೂ ಹಾಗೇ ಮಾಡುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನಾಯಿಯನ್ನು ಒಪ್ಪಿಕೊಳ್ಳುವ ಮೊದಲು

ಲಸಿಕೆಯ ಕಾರ್ಡ್ ನೋಡಿ. ಯಾರನ್ನಾದರೂ ಕಚ್ಚಿದೆಯೇ ಎಂದು ನೇರವಾಗಿ ಕೇಳಿ. ಇಷ್ಟು ದಿನ ಸುಮ್ಮನಿದ್ದ ನಾಯಿ ದಿಢೀರನೆ ಗುರ್ ಅನ್ನತೊಡಗಿದ್ದರೆ ಮೊದಲು ಪಶುವೈದ್ಯರ ಬಳಿ ಕಳಿಸಿ. ನೋವಿದ್ದರೂ ನಾಯಿ ಹಾಗೆ ಆಡುತ್ತದೆ, ಅದನ್ನು ಟ್ರೇನಿಂಗ್‌ನಿಂದ ಸರಿಮಾಡಲು ಆಗುವುದಿಲ್ಲ.

ಹೆಜ್ಜೆ 2: ಕರಾರು

ಬಾಯಿಮಾತು ಬೇಡ. ಎಷ್ಟು ದಿನ, ಏನೇನು ಕಲಿಸುತ್ತೀರಿ, ತರಗತಿ ತಪ್ಪಿಸಿದರೆ ಏನು, ಎಲ್ಲವೂ ಬರಹದಲ್ಲಿರಲಿ. ಒಪ್ಪಿಸುವಾಗ ಮನೆಯವರು ಕನಿಷ್ಠ 3 ಸಲ ಬಂದು ಕಲಿಯಲೇಬೇಕು ಎಂಬ ಸಾಲನ್ನೂ ಸೇರಿಸಿ. "ನೂರಕ್ಕೆ ನೂರು ಗ್ಯಾರಂಟಿ" ಎಂದು ಮಾತ್ರ ಎಂದೂ ಬರೆಯಬೇಡಿ. ಜೀವ ಇರುವ ಪ್ರಾಣಿಗೆ ಯಾರು ಗ್ಯಾರಂಟಿ ಕೊಡಲು ಸಾಧ್ಯ?

ಹೆಜ್ಜೆ 3: ನಾಯಿಗೆ ಕಲಿಸುವುದು

ಇದು ನಿಮಗೆ ಗೊತ್ತಿರುವ ಕೆಲಸ. ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ ನಾಲ್ಕೈದು ಸಲ, ಬಹುಮಾನವಾಗಿ ಬಟಾಣಿ ಕಾಳಿನಷ್ಟು ಚಿಕ್ಕ ತಿನಿಸು, ಅಂದರೆ ಟ್ರೀಟ್. ಮುಳ್ಳಿನ ಕಾಲರ್, ಕುತ್ತಿಗೆಗೆ ಕರೆಂಟ್ ಹೊಡೆಸುವ ಶಾಕ್ ಕಾಲರ್ ಮುಟ್ಟಲೇಬೇಡಿ. ಶಾಕ್ ಕಾಲರನ್ನು ವೇಲ್ಸ್ ದೇಶ 2010ರಲ್ಲೇ ನಿಷೇಧಿಸಿದೆ. ಬೇಗ ಫಲಿತಾಂಶ ಕಾಣುತ್ತದೆ ಎಂದು ಹೇಳಿ ಮಾರುತ್ತಾರೆ ನಿಜ, ಆದರೆ ಹೆದರಿ ಸುಮ್ಮನಾದ ನಾಯಿ ಏನನ್ನೂ ಕಲಿತಿರುವುದಿಲ್ಲ.

ಹೆಜ್ಜೆ 4: ಒಪ್ಪಿಸುವುದು

ಎಲ್ಲರೂ ಎಡವುವುದು ಇಲ್ಲೇ. ಮೊದಲು ಕಾರಣ ಹೇಳುತ್ತೇನೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ತಾನಾಗಿ ಒಯ್ಯುವುದು ನಾಯಿಗೆ ಕಷ್ಟ. ನಿಮ್ಮ ಅಂಗಳದಲ್ಲಿ, ನೀವು ನಿಂತು, ನಿಮ್ಮ ದನಿಯಲ್ಲಿ 'ಸಿಟ್' ಅಂದಾಗ ಕೂರುವ ನಾಯಿಗೆ, ಅದರ ಮನೆಯ ಸೋಫಾದಲ್ಲಿ ಕುಳಿತವರು ಅದೇ ಮಾತು ಹೇಳಿದರೆ ಅದು ಹೊಸ ಪಾಠ. ಹಾಗಾಗಿ ಒಪ್ಪಿಸುವ ಒಂದು ವಾರ ಮೊದಲೇ ಜಾಗ ಬದಲಿಸಿ, ಬೇರೆಯವರ ಕೈಯಲ್ಲಿ ಹೇಳಿಸಿ, ನೀವೂ ಕುಳಿತು, ಬೆನ್ನು ತಿರುಗಿಸಿ ಹೇಳಿ ನೋಡಿ.

ಆಮೇಲೆ ಮನೆಯವರನ್ನು ಕರೆಸಿ, ಆದರೆ ಮೊದಲ ಅರ್ಧ ಗಂಟೆ ನಾಯಿಯನ್ನು ಹೊರಗೆ ತರಬೇಡಿ. ನಾನು ಒಂದು ಚೆಂಡು ಹಿಡಿದುಕೊಳ್ಳುತ್ತೇನೆ. ಅದನ್ನು ಎಸೆಯುತ್ತೇನೆ, ಅದು ನೆಲಕ್ಕೆ ತಾಗಿದ ಕ್ಷಣವೇ ಅವರು 'ಯೆಸ್' ಅನ್ನಬೇಕು. ನಾಯಿ ಸರಿಯಾಗಿ ಮಾಡಿದ ಕ್ಷಣವನ್ನು ಅದಕ್ಕೆ ತಿಳಿಸುವ ಮಾತು ಇದು. ಸುಲಭ ಅನ್ನಿಸುತ್ತದೆ ಅಲ್ವಾ? ಶುರುವಿನಲ್ಲಿ ಹೆಚ್ಚಿನವರು ತಡವಾಗಿಯೇ ಹೇಳುತ್ತಾರೆ. ನಾಯಿಯ ವಿಷಯದಲ್ಲಿ ಒಂದೆರಡು ಸೆಕೆಂಡ್ ತಡವಾದರೆ, ಕೂತದ್ದಕ್ಕೆ ಕೊಡಬೇಕಾದ ಶಾಭಾಸ್ ಎದ್ದದ್ದಕ್ಕೆ ಸಿಕ್ಕಿಬಿಡುತ್ತದೆ. ಇದೇ ಕೆಲಸಕ್ಕೆ ಬಳಸುವ, ಒತ್ತಿದರೆ 'ಟಕ್' ಅನ್ನುವ ಪುಟ್ಟ ಸಾಧನ ಕ್ಲಿಕ್ಕರ್ ಒಳ್ಳೆಯದೇ, ಆದರೆ ಮನೆಯವರಿಗೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಕೈಯಲ್ಲಿ ಲೀಶ್ (ನಾಯಿಯನ್ನು ಹಿಡಿಯುವ ಹಗ್ಗ), ಇನ್ನೊಂದರಲ್ಲಿ ಟ್ರೀಟ್, ನಡುವೆ ಕ್ಲಿಕ್ಕರ್ ಹುಡುಕುವಷ್ಟರಲ್ಲಿ ನಾಯಿ ಬೇರೆ ಕೆಲಸ ಶುರು ಮಾಡಿರುತ್ತದೆ. ಬಾಯಿ ಸದಾ ಜೊತೆಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಮೊದಲು 'ಯೆಸ್' ಅನ್ನಬೇಕು, ಆಮೇಲೆ ಕೈ ಟ್ರೀಟ್ ಚೀಲಕ್ಕೆ ಹೋಗಬೇಕು. ಎರಡೂ ಒಟ್ಟಿಗೆ ಆದರೆ ನಾಯಿ ಮಾತು ಕೇಳುವುದನ್ನು ಬಿಟ್ಟು ಕೈಯನ್ನೇ ನೋಡುತ್ತದೆ. ಟ್ರೀಟ್ ಚೀಲವನ್ನು ಸೊಂಟದ ಹಿಂದಕ್ಕೆ ಕಟ್ಟಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮಾತುಗಳ ಪಟ್ಟಿಯನ್ನೂ ಬರೆದು ಕೊಡಿ. ಒಬ್ಬರು 'ಸಿಟ್' ಅನ್ನುತ್ತಾರೆ, ಇನ್ನೊಬ್ಬರು 'ಕೂತ್ಕೋ', ಅಜ್ಜಿ 'ಕೂರು ಕಂದಾ' ಅನ್ನುತ್ತಾರೆ. ನಾಯಿಗೆ ಇವು ಮೂರು ಬೇರೆ ಬೇರೆ ಸದ್ದು. ಯಾವುದಾದರೂ ಸರಿ, ಎಲ್ಲರದೂ ಒಂದೇ ಇರಲಿ, ಮತ್ತು ಒಂದೇ ಸಲ ಹೇಳಲಿ. 'ಸಿಟ್, ಸಿಟ್, ಸಿಟ್' ಅಂದರೆ ಮೂರನೇ ಸಲಕ್ಕೆ ಕೂತರೆ ಸಾಕು ಅಂತ ಅದು ಕಲಿಯುತ್ತದೆ.

ಈಗ ನಾಯಿಯನ್ನು ತನ್ನಿ. ಮೊದಲು ಲೀಶ್ ನಿಮ್ಮ ಕೈಯಲ್ಲೇ ಇರಲಿ, ಅವರು ಟ್ರೀಟ್ ಮಾತ್ರ ಕೊಡಲಿ. ಮುಂದೆ ಲೀಶ್ ಅವರಿಗೆ ಕೊಟ್ಟು ನೀವು ಪಕ್ಕದಲ್ಲಿರಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಕೊನೆಗೆ ನಾಯಿಯ ಕಣ್ಣಿಗೆ ಕಾಣದ ಹಾಗೆ ಮರೆಯಾಗಿ. ಒಂದೊಂದು ಹಂತಕ್ಕೂ ಸಮಯ ಕೊಡಿ. ನಡಿಗೆಯಲ್ಲಿ ಅವರ ಕೈ ಗಮನಿಸಿ. ಎದುರಿಗೆ ಇನ್ನೊಂದು ನಾಯಿ ಕಂಡರೆ ಮನುಷ್ಯರು ಗೊತ್ತಿಲ್ಲದೆಯೇ ಲೀಶ್ ಬಿಗಿ ಮಾಡುತ್ತಾರೆ, ಆ ಬಿಗಿತವೇ ನಾಯಿಗೆ ಗಾಬರಿಯ ಸುದ್ದಿ ಮುಟ್ಟಿಸುತ್ತದೆ. ಲೀಶ್ ಬಿಗಿಯಾದರೆ ನಿಲ್ಲಬೇಕು, ಸಡಿಲಾದರೆ ನಡೆಯಬೇಕು, ಅಷ್ಟೇ. 2 ಮೀಟರ್ ಉದ್ದದ ಮಾಮೂಲಿ ಲೀಶ್ ಸಾಕು. ಎಳೆದಷ್ಟೂ ಉದ್ದವಾಗುವ ಸ್ಪ್ರಿಂಗ್ ಲೀಶ್ ಕೊಳ್ಳಲು ಬಿಡಬೇಡಿ, ಅದು ಎಳೆಯುವುದಕ್ಕೇ ಬಹುಮಾನ ಕೊಟ್ಟ ಹಾಗೆ.

ಕೊನೆಯ ಪಾಠ ಅವರ ಮನೆಯಲ್ಲೇ ಆಗಬೇಕು. ಬೆಲ್ ಒತ್ತಿಸಿ, ನೆಂಟರು ಬಂದ ಹಾಗೆ ಮಾಡಿಸಿ, ಮಕ್ಕಳನ್ನೂ ಸೇರಿಸಿಕೊಳ್ಳಿ. ಅವತ್ತೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಗರಿದಾಗ ಯಾರೂ ಗಮನ ಕೊಡದಿದ್ದರೆ ಮೊದಮೊದಲು ಎಗರಾಟ ಇನ್ನೂ ಜಾಸ್ತಿಯಾಗಬಹುದು. ಹಳೆಯ ಅಭ್ಯಾಸ ಬಿಡುವ ಮುನ್ನ ಜೋರು ಮಾಡುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅವರು "ಟ್ರೇನಿಂಗ್ ಕೆಟ್ಟುಹೋಯ್ತು" ಅಂದುಕೊಂಡು ಕೈಚೆಲ್ಲುತ್ತಾರೆ. ಆ ಹೊತ್ತಿನಲ್ಲಿ ಮನೆಯ ಒಬ್ಬರು "ಪಾಪ, ಇದೊಂದ್ಸಲ" ಎಂದು ಮುದ್ದಿಸಿದರೂ ಕಷ್ಟ. ಯಾವಾಗಲೋ ಒಮ್ಮೆ ಸಿಗುವ ಬಹುಮಾನಕ್ಕೆ ಅಂಟಿದ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ ಎನ್ನುವುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಪ್ರಯೋಗಗಳಲ್ಲೇ ತೋರಿಸಿದ್ದರು.

ಸಮಯ ಇಲ್ಲ, ವಿಡಿಯೊ ಕಳಿಸಿ ಸಾಕು ಎನ್ನುವವರು ಸಿಗುತ್ತಾರೆ. ವಿಡಿಯೊ ನೆನಪಿಗೆ ಮಾತ್ರ. ಕೈ ತಿದ್ದಲು ನೀವು ಪಕ್ಕದಲ್ಲಿ ಇರಲೇಬೇಕು.

ಹೆಜ್ಜೆ 5: ಒಪ್ಪಿಸಿದ ಮೇಲೆ

ಮೂರನೇ ದಿನ ನೀವೇ ಫೋನ್ ಮಾಡಿ. ಎರಡು ವಾರಕ್ಕೆ ಒಮ್ಮೆ ಹೋಗಿ ನೋಡಿ. ಈ ಭೇಟಿಯ ಶುಲ್ಕವನ್ನು ಮೊದಲೇ ಒಟ್ಟು ಮೊತ್ತಕ್ಕೆ ಸೇರಿಸಿಬಿಡಿ. ಪ್ರತಿ ಭೇಟಿಗೂ ಬೇರೆ ದುಡ್ಡು ಅಂದರೆ ಜನ ತೊಂದರೆ ಮುಚ್ಚಿಡುತ್ತಾರೆ, ಕೈಮೀರಿದ ಮೇಲೆ ಕರೆಯುತ್ತಾರೆ. ಆ ಲ್ಯಾಬ್ರಡಾರ್ ಮನೆಗೆ ನಾನು ಮತ್ತೆ 3 ಸಲ ಹೋದೆ, ಚೆಂಡು ಹಿಡಿದುಕೊಂಡೇ. ಈಗ ಅಲ್ಲಿ ಬೆಲ್ ಆದರೆ ನಾಯಿ ತನ್ನ ಚಾಪೆಗೆ ಹೋಗಿ ಕೂರುತ್ತದೆ, ಹೇಳುವುದು ಆ ಮನೆಯ ಚಿಕ್ಕ ಹುಡುಗಿ.