ಮಾಡೆಲ್ ಆಮೇಲೆ, ಮೊದಲು ಒಬ್ಬ ರೋಗಿಯ ಕಥೆ

ದೊಡ್ಡ ಡೇಟಾ ಇಟ್ಟುಕೊಂಡು ವೈದ್ಯಕೀಯ ಸಂಶೋಧನೆ ಕಲಿಸುವಾಗ ನಾನು ವಿದ್ಯಾರ್ಥಿಗಳನ್ನು ಜೋಡಿಯಾಗಿ ಕೂರಿಸುತ್ತೇನೆ. ಒಬ್ಬರು ಮೆಡಿಕಲ್ ಕಡೆಯವರು, ಇನ್ನೊಬ್ಬರು ಕಂಪ್ಯೂಟರ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಕಡೆಯವರು. ಇಬ್ಬರಿಗೂ ಒಂದೇ ಸ್ಕ್ರೀನ್. ಎರಡು ಕೊಟ್ಟರೆ ತಮಗೆ ಬರುವ ಕೆಲಸವನ್ನಷ್ಟೇ ಮಾಡಿಕೊಂಡು ಕೂತುಬಿಡುತ್ತಾರೆ.

ನೀವೂ ಹೀಗೆ ಕಲಿಸುವುದಾದರೆ, ಶುರು ಮಾಡಲು ಮಿಮಿಕ್-3 ಎಂಬ ಡೇಟಾ ಸಂಗ್ರಹ ಒಳ್ಳೆಯದು. ಬೋಸ್ಟನ್‌ನ ಒಂದು ಆಸ್ಪತ್ರೆಯ ಐಸಿಯುಗೆ 2001ರಿಂದ 2012ರವರೆಗೆ ಬಂದ 40,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಅದರಲ್ಲಿದೆ. ಹೆಸರು ತೆಗೆದಿದ್ದಾರೆ, ಆದರೂ ಸುಮ್ನೆ ಸಿಗುವುದಿಲ್ಲ. ತರಬೇತಿ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಬೇಕು. ಪ್ರತಿ ವಿದ್ಯಾರ್ಥಿಯೂ ಅದನ್ನು ತಾನೇ ಮಾಡಲಿ. ನೀವು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಹಂಚಬೇಡಿ.

ಮೊದಲ ವಾರ ಮಾಡೆಲ್, ಅಂದರೆ ಡೇಟಾದಿಂದ ಕಲಿತು ಊಹಿಸುವ ಕಂಪ್ಯೂಟರ್ ಲೆಕ್ಕದ, ಮಾತೇ ಬೇಡ. ಪ್ರತಿ ಜೋಡಿ ಒಬ್ಬ ರೋಗಿಯನ್ನು ಆರಿಸಿಕೊಂಡು, ಐಸಿಯುನಲ್ಲಿ ಗಂಟೆ ಗಂಟೆಗೆ ಏನಾಯಿತು ಎಂದು ಬಾಯಲ್ಲಿ ಹೇಳಲಿ. ಬಿಪಿ ಯಾವಾಗ ಇಳಿಯಿತು? ಆಮೇಲೆ ಯಾವ ಔಷಧ ಕೊಟ್ಟರು? ನನ್ನ ತರಗತಿಯಲ್ಲಿ ಒಮ್ಮೆ ಲ್ಯಾಕ್ಟೇಟ್ ಎಂಬ ರಕ್ತಪರೀಕ್ಷೆಯ ಕಾಲಂ ಖಾಲಿ ಸಿಕ್ಕಿತು. ಕಂಪ್ಯೂಟರ್ ಕಡೆಯ ಹುಡುಗಿ ಅಲ್ಲಿಗೆ ಸರಾಸರಿ ತುಂಬಲು ಹೊರಟಳು. ಪಕ್ಕದವನು ತಡೆದ: 'ಡಾಕ್ಟರಿಗೆ ಅನುಮಾನ ಬಂದಿಲ್ಲ, ಅದಕ್ಕೇ ಟೆಸ್ಟ್ ಮಾಡಿಸಿಲ್ಲ ಅಲ್ವಾ?' ಖಾಲಿ ಜಾಗವೂ ಮಾತಾಡುತ್ತದೆ ಎಂದು ಇಬ್ಬರಿಗೂ ಹೊಳೆದದ್ದು ಆಗ. ಆ ಅರ್ಧ ಗಂಟೆ ನನ್ನ ಎಷ್ಟೋ ಪಾಠಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ವಯಸ್ಸಿನ ಗ್ರಾಫನ್ನೂ ಹಾಕಿಸಿ. ಒಂದಷ್ಟು ಜನರ ವಯಸ್ಸು 300 ದಾಟಿರುತ್ತದೆ! 89 ದಾಟಿದವರ ಗುರುತು ಸಿಗಬಾರದೆಂದು ಹುಟ್ಟಿದ ದಿನವನ್ನು ಬೇಕೆಂದೇ ಹಿಂದೆ ತಳ್ಳಿದ್ದಾರೆ. ಕಾರಣವನ್ನು ನೀವು ಹೇಳಬೇಡಿ, ಅವರೇ ಹುಡುಕಲಿ.

ಜೀನ್ ಡೇಟಾಗೆ ಬಂದಾಗ ಒಂದು ಆಟ ಆಡಿಸಿ. ಯಾರಿಗೆ ರೋಗ, ಯಾರಿಗಿಲ್ಲ ಎಂಬ ಲೇಬಲ್‌ಗಳನ್ನು ಕಲಸಿಬಿಡಿ. ಆಮೇಲೆ 20,000 ಜೀನ್‌ಗಳಲ್ಲಿ ಒಂದೊಂದಕ್ಕೂ ರೋಗದ ಜೊತೆ ನಂಟಿದೆಯೇ ಎಂದು ಪರೀಕ್ಷಿಸಲಿ. ಪಿ-ವ್ಯಾಲ್ಯೂ (ನಂಟೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಗೆರೆ 0.05 ಇಟ್ಟರೆ, ಏನೂ ಇಲ್ಲದ ಕಡೆಯೂ ಸರಾಸರಿ 1000 ಜೀನ್‌ಗಳು 'ಸಿಕ್ಕಿದವು' ಎನ್ನುತ್ತವೆ. ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಇದನ್ನು ಕಣ್ಣಾರೆ ಕಂಡ ಮೇಲೆ ಸಿಕ್ಕಿದವುಗಳಲ್ಲಿ ಸುಳ್ಳಿನ ಪಾಲನ್ನು ಹಿಡಿತದಲ್ಲಿಡುವ ಬೆಂಜಮಿನಿ-ಹಾಕ್‌ಬರ್ಗ್ ವಿಧಾನ ಯಾಕೆ ಬೇಕೆಂದು ಅವರಿಗೇ ಅರ್ಥವಾಗುತ್ತದೆ.

ಮಾಡೆಲ್ ಕಟ್ಟುವಾಗ ಟ್ರೈನಿಂಗ್ (ಮಾಡೆಲ್ ಕಲಿಯುವ) ಮತ್ತು ಟೆಸ್ಟ್ (ಅದನ್ನು ಪರೀಕ್ಷಿಸುವ) ಡೇಟಾವನ್ನು ರೋಗಿಯ ಲೆಕ್ಕದಲ್ಲಿ ಬೇರೆ ಮಾಡಿಸಿ, ಸಾಲಿನ ಲೆಕ್ಕದಲ್ಲಿ ಬೇಡ. ಒಬ್ಬರೇ ರೋಗಿ ಎರಡೂ ಕಡೆ ಬಂದರೆ ಮಾಡೆಲ್‌ನ ಅಂಕ ಸುಳ್ಳೇ ಏರುತ್ತದೆ.

ಕೊನೆಗೆ ಒಪ್ಪಿಸುವ ದಿನ ಪಾತ್ರ ಬದಲಿಸಿ. ಮೆಡಿಕಲ್ ಕಡೆಯವರು ಕೋಡ್ ವಿವರಿಸಲಿ, ಕಂಪ್ಯೂಟರ್ ಕಡೆಯವರು ರೋಗ ವಿವರಿಸಲಿ. ತಡವರಿಸಿದರೆ ಇನ್ನೊಂದು ವಾರ ಕೊಡಿ.